ಅಂಗಡಿಯ ಗಾದಿಯ ಮೇಲೆ ಆತ್ಮಚಿಂತನೆ: ಶ್ರೀಮದ್ ರಾಜಚಂದ್ರರ ಬದುಕು



ತತ್ತ್ವಚಿಂತನೆ ಎಂದರೆ ಅದು ಮುನಿಗಳಿಗೆ, ಪಂಡಿತರಿಗೆ, ಹೆಚ್ಚೆಂದರೆ ವ್ಯವಹಾರವನ್ನು ಮಕ್ಕಳಿಗೆ ಒಪ್ಪಿಸಿ ಮನೆಯಲ್ಲಿ ಕುಳಿತ ಹಿರಿಯರಿಗೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬೆಳಿಗ್ಗೆ ಬಸದಿಗೆ ಹೋಗಿ ದರ್ಶನ ಮಾಡುತ್ತೇವೆ, ಅಷ್ಟಮಿ ಚತುರ್ದಶಿಗಳನ್ನು ಪಾಲಿಸುತ್ತೇವೆ. ಅಂಗಡಿಯ ಬಾಗಿಲು ತೆರೆದ ಮೇಲೆ ಮಾತ್ರ ಬೇರೆಯೇ ಲೆಕ್ಕ. ನಾನೂ ವ್ಯಾಪಾರಸ್ಥನೇ ಆದ್ದರಿಂದ ಈ ಮಾತನ್ನು ಮೊದಲು ನನಗೇ ಹೇಳಿಕೊಳ್ಳುತ್ತೇನೆ. ಈ ಎರಡು ಲೆಕ್ಕಗಳನ್ನು ಒಂದೇ ಮಾಡಲು ಹೊರಟ ಒಬ್ಬ ಮುತ್ತು ವಜ್ರದ ವ್ಯಾಪಾರಿಯ ಜೀವನ ಇಲ್ಲಿದೆ.

ಶ್ರೀಮದ್ ರಾಜಚಂದ್ರರು 1867ರ ನವೆಂಬರ್ 9ರಂದು, ಕಾರ್ತಿಕ ಹುಣ್ಣಿಮೆಯ ದಿನ, ಸೌರಾಷ್ಟ್ರದ ಮೋರ್ಬಿ ಬಳಿಯ ವವಾಣಿಯಾ ಎಂಬ ಊರಿನಲ್ಲಿ ಜನಿಸಿದರು. ತಂದೆ ರವಜೀಭಾಯಿ, ತಾಯಿ ದೇವಬಾಯಿ. ಅಜ್ಜ ಕೃಷ್ಣಭಕ್ತರು, ತಾಯಿ ಜೈನ ಸಂಸ್ಕಾರದವರು. ಹೀಗೆ ಮನೆಯಲ್ಲಿ ಎರಡು ಬಗೆಯ ಭಕ್ತಿಯನ್ನೂ ನೋಡುತ್ತ ಬೆಳೆದ ಬಾಲಕ ಕೊನೆಯವರೆಗೂ ಪಂಥಗಳ ಜಗಳಕ್ಕೆ ಇಳಿಯಲಿಲ್ಲ.

ಏಳು ವರ್ಷದವರಿದ್ದಾಗ ಪರಿಚಯದ ಹಿರಿಯರೊಬ್ಬರು ಹಾವು ಕಚ್ಚಿ ತೀರಿಕೊಂಡರು. ಸಾವು ಎಂದರೇನು ಎಂದು ತಿಳಿಯದ ಬಾಲಕ ಸ್ಮಶಾನದ ಹತ್ತಿರದ ಮರ ಹತ್ತಿ ಚಿತೆ ಉರಿಯುವುದನ್ನು ನೋಡಿದ. ನಿನ್ನೆ ಮಾತನಾಡಿಸಿದವರನ್ನು ಇಂದು ಸುಡುತ್ತಿದ್ದಾರೆ, ಹಾಗಾದರೆ ದೇಹದಿಂದ ಹೊರಟುಹೋದದ್ದು ಏನು ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. ಆ ವಿಚಾರದಲ್ಲಿಯೇ ಅವರಿಗೆ ಜಾತಿಸ್ಮರಣ, ಅಂದರೆ ಪೂರ್ವಜನ್ಮದ ನೆನಪು, ಉಂಟಾಯಿತೆಂದು ಚರಿತ್ರೆಗಳು ಹೇಳುತ್ತವೆ.

ಹದಿಮೂರನೆಯ ವಯಸ್ಸಿಗೆ ತಂದೆಯ ಅಂಗಡಿಯಲ್ಲಿ ಕುಳಿತರು. ಬಿಡುವಿನಲ್ಲಿ ಓದುತ್ತಿದ್ದರು, ಪದ್ಯ ಬರೆಯುತ್ತಿದ್ದರು. ಆದರೂ ಯಾರಿಗೂ ತೂಕದಲ್ಲಿ ಹೆಚ್ಚು ಕಡಿಮೆ ಮಾಡಲಿಲ್ಲ, ದರದಲ್ಲಿ ಸುಳ್ಳು ಹೇಳಲಿಲ್ಲ ಎಂದು ತಮ್ಮ ಬಾಲ್ಯದ ಬಗ್ಗೆ ಅವರೇ ಬರೆದಿಟ್ಟಿದ್ದಾರೆ. ಹದಿನಾರನೆಯ ವಯಸ್ಸಿನಲ್ಲಿ 108 ಪಾಠಗಳ ‘ಮೋಕ್ಷಮಾಲಾ’ ಗ್ರಂಥವನ್ನು ಮೂರೇ ದಿನಗಳಲ್ಲಿ ರಚಿಸಿದರು.

ಅವರ ನೆನಪಿನ ಶಕ್ತಿ ಅಸಾಧಾರಣವಾದುದು. 1887ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ಮುಂಬಯಿಯಲ್ಲಿ ದೊಡ್ಡ ಸಭೆಯ ಮುಂದೆ ಶತಾವಧಾನ ಮಾಡಿ ತೋರಿಸಿದರು. ಹೆಸರು ಎಲ್ಲೆಡೆ ಹರಡಿತು. ಅದೇ ದಾರಿಯಲ್ಲಿ ಹೋಗಿದ್ದರೆ ಹಣಕ್ಕೂ ಕೀರ್ತಿಗೂ ಕೊರತೆ ಇರುತ್ತಿರಲಿಲ್ಲ. ಆದರೆ ಈ ಚಪ್ಪಾಳೆ ಆತ್ಮದ ಏಳಿಗೆಗೆ ಅಡ್ಡಿ ಎಂದು ಕಂಡುಕೊಂಡು ಸ್ವಲ್ಪ ಕಾಲದಲ್ಲಿಯೇ ಅವಧಾನ ಪ್ರದರ್ಶನವನ್ನು ಪೂರ್ತಿಯಾಗಿ ಬಿಟ್ಟರು.

1888ರಲ್ಲಿ ಝಬಕಬಾಯಿಯವರೊಡನೆ ವಿವಾಹವಾಯಿತು. ರೇವಾಶಂಕರ ಜಗಜೀವನರ ಹೆಸರಿನ ಮುಂಬಯಿಯ ಪೇಢಿಯಲ್ಲಿ ಪಾಲುದಾರರಾಗಿ ಮುತ್ತು ವಜ್ರಗಳ ವ್ಯಾಪಾರ ಮಾಡಿದರು. ಲಕ್ಷಗಳ ವಹಿವಾಟು. ಹರಳಿನ ಪರೀಕ್ಷೆಯಲ್ಲಿ ನಿಪುಣರು.

1891ರಲ್ಲಿ ಇಂಗ್ಲೆಂಡಿನಿಂದ ಬ್ಯಾರಿಸ್ಟರ್ ಆಗಿ ಮರಳಿದ ಗಾಂಧೀಜಿಯವರಿಗೆ ಮುಂಬಯಿಯಲ್ಲಿ ಇವರ ಪರಿಚಯವಾಯಿತು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇವರಿಗಾಗಿಯೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾರೆ. ಅಂಗಡಿಯ ಗಾದಿಯ ಮೇಲೆ ಒಂದಲ್ಲ ಒಂದು ಧರ್ಮಗ್ರಂಥ ಮತ್ತು ಟಿಪ್ಪಣಿ ಪುಸ್ತಕ ಸದಾ ಇರುತ್ತಿತ್ತಂತೆ. ಲಕ್ಷ ರೂಪಾಯಿಯ ಮಾತುಕತೆ ಮುಗಿದ ತಕ್ಷಣ ಆ ಪುಸ್ತಕ ತೆರೆದುಕೊಳ್ಳುತ್ತಿತ್ತು. ಗಾಂಧೀಜಿ ಅವರನ್ನು ಗುರುವಾಗಿ ಸ್ವೀಕರಿಸಲಿಲ್ಲ, ಆದರೆ ತಮ್ಮ ಮೇಲೆ ಅತಿ ಆಳವಾದ ಪ್ರಭಾವ ಬೀರಿದ ಆಧುನಿಕರಲ್ಲಿ ಇವರನ್ನು ಹೆಸರಿಸಿದರು. ದಕ್ಷಿಣ ಆಫ್ರಿಕದಲ್ಲಿ ಧರ್ಮದ ಬಗ್ಗೆ ಸಂದೇಹಗಳು ಕಾಡಿದಾಗ ಇವರಿಗೆ 27 ಪ್ರಶ್ನೆಗಳನ್ನು ಬರೆದು ಕಳುಹಿಸಿ, ಉತ್ತರ ಪಡೆದು ಸಮಾಧಾನ ಕಂಡರು.

ಚಿಂತನೆಯ ಬೆಲೆ ತಿಳಿಯುವುದು ನಷ್ಟ ಎದುರಾದಾಗ. ಅವರ ಚರಿತ್ರೆಗಳಲ್ಲಿ ಎರಡು ಪ್ರಸಂಗಗಳು ಬರುತ್ತವೆ. ಒಬ್ಬ ಅರಬ್ ವ್ಯಾಪಾರಿಯ ತಮ್ಮ, ಅಣ್ಣನನ್ನು ಕೇಳದೆ ಬೆಲೆಬಾಳುವ ಮುತ್ತುಗಳನ್ನು ಕಡಿಮೆ ದರಕ್ಕೆ ಇವರಿಗೆ ಮಾರಿದ. ಅಣ್ಣ ಬೈದಾಗ ಹೆದರಿ ಓಡಿ ಬಂದ. ವ್ಯವಹಾರದ ಪ್ರಕಾರ ಮಾಲು ಇವರದೇ. ಆದರೂ ತಾವು ಕೊಟ್ಟ ಹಣವನ್ನಷ್ಟೇ ಹಿಂದಕ್ಕೆ ಪಡೆದು ಮುತ್ತುಗಳನ್ನು ಮರಳಿಸಿದರು. ಮತ್ತೊಮ್ಮೆ ನಿಗದಿತ ದರಕ್ಕೆ ವಜ್ರ ಕೊಡುವುದಾಗಿ ಒಬ್ಬರು ಕರಾರು ಬರೆದುಕೊಟ್ಟಿದ್ದರು. ಅಷ್ಟರಲ್ಲಿ ಪೇಟೆಯ ದರ ವಿಪರೀತ ಏರಿತು. ಕರಾರು ನಡೆಸಿದರೆ ಆ ವ್ಯಾಪಾರಿಯ ಮನೆ ಬೀದಿಗೆ ಬರುತ್ತಿತ್ತು. ರಾಜಚಂದ್ರರು ತಾವೇ ಅವರ ಬಳಿ ಹೋಗಿ ಆ ಕಾಗದವನ್ನು ಹರಿದು ಹಾಕಿದರು. ಅಪರಿಗ್ರಹದ ಮೇಲೆ ನಾವು ಎಷ್ಟು ಪ್ರವಚನ ಕೇಳಿದ್ದೇವೆ! ಇಂಥ ಕರಾರು ನಮ್ಮ ಕೈಯಲ್ಲಿದ್ದರೆ ನಾವೇನು ಮಾಡುತ್ತಿದ್ದೆವು?

ಇದೆಲ್ಲ ಅವರಿಗೆ ಸುಲಭವಾಗಿ ಬಂತು ಎಂದು ತಿಳಿಯಬಾರದು. ಸಂಸಾರ, ವ್ಯಾಪಾರಗಳ ನಡುವೆ ಆತ್ಮದಲ್ಲಿ ನಿಲ್ಲುವುದು ಎಷ್ಟು ಕಷ್ಟ ಎಂಬುದನ್ನು ಅವರ ಪತ್ರಗಳೇ ತೋರಿಸುತ್ತವೆ. ಮುನಿದೀಕ್ಷೆಯ ಹಂಬಲ ತೀವ್ರವಾಗಿತ್ತು. ಆದರೂ ಹೊಣೆಗಳನ್ನು ಅರ್ಧಕ್ಕೆ ಬಿಟ್ಟು ಓಡಲಿಲ್ಲ. ಬಿಡುವು ಮಾಡಿಕೊಂಡು ಖಂಭಾತ್ ಸುತ್ತಿನ ಊರುಗಳಿಗೆ, ಈಡರ್ ಬೆಟ್ಟಗಳಿಗೆ ಹೋಗಿ ಏಕಾಂತದಲ್ಲಿ ಸ್ವಾಧ್ಯಾಯ ಮಾಡಿ ಮತ್ತೆ ಪೇಢಿಗೆ ಮರಳುತ್ತಿದ್ದರು.

1896ರಲ್ಲಿ ನಡಿಯಾದ್‌ನಲ್ಲಿ ಒಂದು ಸಂಜೆ ‘ಆತ್ಮಸಿದ್ಧಿ ಶಾಸ್ತ್ರ’ ರಚನೆಯಾಯಿತು. ಆತ್ಮ ಇದೆ, ಅದು ನಿತ್ಯ, ಅದು ಕರ್ಮದ ಕರ್ತೃ, ಅದರ ಫಲದ ಭೋಕ್ತೃ, ಮೋಕ್ಷವಿದೆ, ಮೋಕ್ಷಕ್ಕೆ ಉಪಾಯವಿದೆ ಎಂಬ ಆರು ವಿಷಯಗಳನ್ನು ಅವರು ಮೊದಲು ಪತ್ರದಲ್ಲಿ ಬರೆದಿದ್ದರು. ಬಾಯಿಪಾಠಕ್ಕೆ ಪದ್ಯವಾದರೆ ಅನುಕೂಲ ಎಂದು ಸಾಯಲಾ ಗ್ರಾಮದ ಹಿರಿಯ ಮಿತ್ರ ಸೌಭಾಗ್ಯಭಾಯಿ ಕೇಳಿಕೊಂಡಿದ್ದರು. ಶಿಷ್ಯ ಅಂಬಾಲಾಲರು ಲಾಂದ್ರ ಹಿಡಿದು ನಿಂತಿದ್ದಂತೆ 142 ಗುಜರಾತಿ ಪದ್ಯಗಳನ್ನು ಒಂದೇ ಬಾರಿಗೆ ಬರೆದು ಮುಗಿಸಿದರು.

ಕೊನೆಯ ದಿನಗಳಲ್ಲಿ ವ್ಯಾಪಾರದಿಂದ ನಿವೃತ್ತರಾದರು. ದಿಗಂಬರ, ಶ್ವೇತಾಂಬರ ಎಂಬ ಭೇದವಿಲ್ಲದೆ ಆಚಾರ್ಯರ ಗ್ರಂಥಗಳನ್ನು ಮುದ್ರಿಸಲು ಪರಮಶ್ರುತ ಪ್ರಭಾವಕ ಮಂಡಲವನ್ನು ಆರಂಭಿಸಿದರು. ಆ ಮಾಲೆಯಲ್ಲಿ ಕುಂದಕುಂದಾಚಾರ್ಯರ ಗ್ರಂಥಗಳೂ ಬಂದವು. ದೇಹ ಕ್ಷೀಣಿಸಿತು. 1901ರ ಏಪ್ರಿಲ್ 9ರಂದು ರಾಜಕೋಟದಲ್ಲಿ ಶಾಂತಭಾವದಿಂದ ದೇಹ ಬಿಟ್ಟರು. ಆಗ ಅವರಿಗೆ 33 ವರ್ಷ. ನಮ್ಮ ಹಂಪಿಯ ರತ್ನಕೂಟದಲ್ಲಿ ಸಹಜಾನಂದಘನಜಿಯವರು ಸ್ಥಾಪಿಸಿದ ಆಶ್ರಮ ಇವರ ಹೆಸರಿನದೇ. ಹಂಪಿಗೆ ಹೋದವರು ಅಲ್ಲಿಗೂ ಹೋಗಿ ಬನ್ನಿ.

ಚಿಂತನೆಗೆ ಪುರುಸೊತ್ತಿಲ್ಲ ಎನ್ನುವ ನಮಗೆ ಈ ಜೀವನ ಕಲಿಸುವುದು ಇಷ್ಟು: ಚಿಂತನೆಗೆ ಬೇರೆ ಸ್ಥಳ, ಬೇರೆ ವಯಸ್ಸು ಬೇಕಿಲ್ಲ. ರಾತ್ರಿ ಕಿರ್ದಿ ಖಾತೆ ಬರೆದು ಮುಗಿಸಿದ ಮೇಲೆ ಹತ್ತು ನಿಮಿಷ ಇನ್ನೊಂದು ಲೆಕ್ಕ ನೋಡೋಣ. ಇಂದು ಯಾರ ಕಷ್ಟದಿಂದ ನನಗೆ ಲಾಭವಾಯಿತು? ಯಾವ ಮಾತಿನಲ್ಲಿ ಕಷಾಯ ಇತ್ತು? ನಾಳೆ ಯಾವುದನ್ನು ಮರಳಿ ಕೊಡಬಹುದು? ಮನೆಯಲ್ಲಿ ಮಕ್ಕಳೂ ಅದನ್ನು ನೋಡುತ್ತಾರೆ. ಹೇಳಿ ಕಲಿಸುವುದಕ್ಕಿಂತ ಅದೇ ಹೆಚ್ಚು.

ಜೈ ಜಿನೇಂದ್ರ.