ಬೆಸ್ಸಿ ಸ್ಮಿತ್: ಹಾರ್ಮೋನಿಯಂ ಜೊತೆ ಒಂದು ಬ್ಲೂಸ್

ಅಮೆರಿಕದ ಟೆನೆಸ್ಸಿಯ ಚಟ್ಟನೂಗದಲ್ಲಿ, ಕಡುಬಡ ಕಪ್ಪು ವರ್ಣೀಯ ಕುಟುಂಬದಲ್ಲಿ ಹುಟ್ಟಿದವಳು ಬೆಸ್ಸಿ ಸ್ಮಿತ್. ಹತ್ತು ವರ್ಷ ತುಂಬುವಷ್ಟರಲ್ಲೇ ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಸಹೋದರ ಆಂಡ್ರ್ಯೂ ಗಿಟಾರ್ ನುಡಿಸಿದರೆ ಈಕೆ ರಸ್ತೆಬದಿಯಲ್ಲಿ ಹಾಡಿ, ಕುಣಿದು ಚಿಲ್ಲರೆ ಕಾಸು ಸೇರಿಸುತ್ತಿದ್ದಳು. 1912ರಲ್ಲಿ ಊರೂರು ಸುತ್ತುವ ತಂಡವೊಂದನ್ನು ಸೇರಿದಳು.

1923ರಲ್ಲಿ ಕೊಲಂಬಿಯಾ ಕಂಪನಿಗೆ ಹಾಡಿದ ‘ಡೌನ್ ಹಾರ್ಟೆಡ್ ಬ್ಲೂಸ್’ ಲಕ್ಷಗಟ್ಟಲೆ ಮಾರಾಟವಾಯಿತು. ಈ ಹಾಡನ್ನು ಕಟ್ಟಿದವರೂ ಇಬ್ಬರು ಮಹಿಳೆಯರೇ: ಆಲ್ಬರ್ಟಾ ಹಂಟರ್ ಮತ್ತು ಲವೀ ಆಸ್ಟಿನ್. ಆದರೆ ಬೆಸ್ಸಿಯ ಒಪ್ಪಂದದಲ್ಲಿ ರಾಯಲ್ಟಿ ಇರಲಿಲ್ಲ. ಹಾಡಿಗಿಷ್ಟು ಎಂದು ಒಂದೇ ಸಲದ ಹಣ, ಅಷ್ಟೇ. ಪ್ಲೇಟು ಎಷ್ಟು ಮಾರಾಟವಾದರೂ ಆಕೆಗೆ ಇನ್ನೊಂದು ಕಾಸು ಬರುತ್ತಿರಲಿಲ್ಲ.

ನನಗೆ ಅತ್ಯಂತ ಇಷ್ಟವಾದದ್ದು 1925ರ ಜನವರಿ 14ರಂದು ಮುದ್ರಿಸಿದ ‘ಸೇಂಟ್ ಲೂಯಿ ಬ್ಲೂಸ್’. ಡಬ್ಲ್ಯು. ಸಿ. ಹ್ಯಾಂಡಿ 1914ರಲ್ಲಿ ಪ್ರಕಟಿಸಿದ್ದ ಹಾಡು ಅದು. ಆ ಸ್ಟುಡಿಯೋಗೆ ಇನ್ನೂ ಮೈಕ್ ಬಂದಿರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಯ ಮುಂದೆ ನಿಂತು, ದನಿಯ ಬಲದಿಂದಲೇ ಮೇಣದ ಮೇಲೆ ಗೆರೆ ಕೊರೆಸಬೇಕಿತ್ತು. ಮೃದುವಾಗಿ ಹಾಡುವವರಿಗೆ ಅಲ್ಲಿ ಕಷ್ಟ. ಡೇರೆಗಳಲ್ಲಿ ಹಾಡಿ ಪಳಗಿದ ಬೆಸ್ಸಿಗೆ ಸಲೀಸು. ಪಕ್ಕದಲ್ಲಿದ್ದವರು ಇಬ್ಬರೇ. ಫ್ರೆಡ್ ಲಾಂಗ್‌ಶಾ ಹಾರ್ಮೋನಿಯಂ ನುಡಿಸಿದರು. ಹೌದು, ಹಾರ್ಮೋನಿಯಂ, ಚರ್ಚುಗಳಲ್ಲಿ ಬಳಸುವ ಬಗೆಯದು. ಕಾರ್ನೆಟ್ ಹಿಡಿದವರು ಯುವಕ ಲೂಯಿ ಆರ್ಮ್‌ಸ್ಟ್ರಾಂಗ್. ಬೆಸ್ಸಿ ಒಂದೊಂದು ಪದವನ್ನೂ ಎಳೆದು, ಅವಸರವೇ ಇಲ್ಲದೆ ಹಾಡುತ್ತಾಳೆ. ಸಾಲು ಮುಗಿದ ಜಾಗದಲ್ಲಿ ಕಾರ್ನೆಟ್ ಉತ್ತರ ಕೊಡುತ್ತದೆ. ಮೂರು ನಿಮಿಷದ ಆಸುಪಾಸಿನ ಹಾಡು, ಆದರೆ ಮುಗಿದಾಗ ಬಹಳ ಹೊತ್ತು ಕೇಳಿದಂತೆ ಅನಿಸುತ್ತದೆ.

1929ರ ಮೇ ತಿಂಗಳಲ್ಲಿ, ಹಣ ಹೋದ ಮೇಲೆ ಗೆಳೆಯರೂ ಮಾಯವಾಗುವ ಬಗ್ಗೆ ಜಿಮ್ಮಿ ಕಾಕ್ಸ್ ಬರೆದ ಹಾಡನ್ನು ಮುದ್ರಿಸಿದಳು. ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿಯಿತು. ಪ್ಲೇಟುಗಳನ್ನು ಕೊಳ್ಳುವವರಿಲ್ಲದೆ 1931ರಲ್ಲಿ ಕೊಲಂಬಿಯಾ ಆಕೆಯನ್ನು ಕೈಬಿಟ್ಟಿತು. 1933ರಲ್ಲಿ ಕೊನೆಯ ಬಾರಿ ನಾಲ್ಕು ಹಾಡು ಹಾಡಿದಾಗ ಸಿಕ್ಕಿದ್ದು ಹಾಡಿಗೆ 37.50 ಡಾಲರ್.

1937ರ ಸೆಪ್ಟೆಂಬರ್ 26ರಂದು ಮಿಸಿಸಿಪ್ಪಿಯಲ್ಲಿ ಕಾರು ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡಳು. ಬಿಳಿಯರ ಆಸ್ಪತ್ರೆ ಒಳಗೆ ಬಿಡದ್ದರಿಂದ ಸತ್ತಳೆಂಬ ಕಥೆ ಇಂದಿಗೂ ಓಡಾಡುತ್ತಿದೆ, ಅದು ನಿಜವಲ್ಲ. ಆಕೆಯನ್ನು ಕರೆದೊಯ್ದದ್ದು ಕ್ಲಾರ್ಕ್ಸ್‌ಡೇಲ್‌ನ ಕಪ್ಪು ಜನರ ಆಸ್ಪತ್ರೆಗೆ. ಆಸ್ಪತ್ರೆಗಳೂ ಬಣ್ಣದ ಪ್ರಕಾರ ಬೇರೆಬೇರೆ ಇದ್ದವು ಎಂಬುದಂತೂ ನಿಜ.

ಫಿಲಡೆಲ್ಫಿಯಾದಲ್ಲಿ ಸಾವಿರಾರು ಜನ ಅಂತಿಮ ದರ್ಶನಕ್ಕೆ ಬಂದರು. ಸಮಾಧಿಗೆ ಮಾತ್ರ ಕಲ್ಲು ಬೀಳಲಿಲ್ಲ, ಮೂವತ್ತಮೂರು ವರ್ಷ. ಕೊನೆಗೆ 1970ರ ಆಗಸ್ಟ್‌ನಲ್ಲಿ ಇಬ್ಬರು ಹೆಂಗಸರು ಅದರ ಖರ್ಚು ಹಂಚಿಕೊಂಡರು. ಒಬ್ಬಳು ರಾಕ್ ಗಾಯಕಿ ಜಾನಿಸ್ ಜಾಪ್ಲಿನ್. ಇನ್ನೊಬ್ಬಳು ವಾನೀಟಾ ಗ್ರೀನ್, ಚಿಕ್ಕಂದಿನಲ್ಲಿ ಬೆಸ್ಸಿಯ ಮನೆಯ ನೆಲ ಒರೆಸುತ್ತಿದ್ದವಳು.