ತೊರಪಳ್ಳಿಯ ರಾಜಾಜಿ: ಸಮತೆ, ನ್ಯಾಯ, ಸಾಮರಸ್ಯದ ಬಾಳು

ರಾಯಕೋಟೆ, ಹೊಸೂರು, ಕೃಷ್ಣಗಿರಿ ಭಾಗದ ಸದ್ಭಕ್ತರಿಗೆ ರಾಜಾಜಿಯವರ ಹೆಸರು ಹೊಸದಲ್ಲ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದ ಏಕೈಕ ಭಾರತೀಯರು ನಮ್ಮ ಸೀಮೆಯವರೆಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರು ಏರಿದ ಪದವಿಗಳನ್ನು ನೆನೆಯುವಷ್ಟು ಅವರ ನಡೆಯನ್ನು ನಾವು ನೆನೆಯುವುದಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಅವರ ಬಾಳನ್ನು ಸಂಕ್ಷಿಪ್ತವಾಗಿ ಸ್ಮರಿಸಲು ಬಯಸುತ್ತೇವೆ.

ಚಕ್ರವರ್ತಿ ರಾಜಗೋಪಾಲಾಚಾರಿಯವರು ಹುಟ್ಟಿದ್ದು 1878ರ ಡಿಸೆಂಬರಿನಲ್ಲಿ, ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ. ತಂದೆ ಊರಿನ ಮುನ್ಸೀಫರು. ಹೊಸೂರಿನ ಶಾಲೆಯಲ್ಲಿ ಕಲಿತು ಬಾಲಕ ಬೆಂಗಳೂರು ಸೇರಿದರು. ಅಲ್ಲಿನ ಸೆಂಟ್ರಲ್ ಕಾಲೇಜಿನಲ್ಲಿ ಕನ್ನಡದ ಹಿರಿಯ ಲೇಖಕ ನವರತ್ನ ರಾಮರಾಯರ ಸ್ನೇಹವಾಯಿತು. ಆ ಸ್ನೇಹ ಕೊನೆಯವರೆಗೂ ಉಳಿಯಿತು. ಮುಂದೆ ಮದರಾಸಿನಲ್ಲಿ ಕಾನೂನು ಓದಿ 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. ನಮ್ಮ ತಾಲ್ಲೂಕುಗಳು ಆಗ ಸೇಲಂ ಜಿಲ್ಲೆಗೇ ಸೇರಿದ್ದವು.

1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ಅವರ ಕಾಲದಲ್ಲೇ ಆ ಪುರಸಭೆಗೆ ಮೊದಲ ದಲಿತ ಸದಸ್ಯರು ಬಂದರು. ಚೆನ್ನಾಗಿ ನಡೆಯುತ್ತಿದ್ದ ವಕೀಲಿಯನ್ನು ಅಸಹಕಾರ ಚಳವಳಿಗಾಗಿ ಬಿಟ್ಟರು. 1925ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳ್ಯದಲ್ಲಿ ಗಾಂಧಿ ಆಶ್ರಮ ಕಟ್ಟಿ, ಸುತ್ತಲಿನ ಬಡವರಿಗೆ ನೂಲುವ, ನೇಯುವ ಕಾಯಕ ಒದಗಿಸಿದರು. ಆಶ್ರಮದಲ್ಲಿ ದಲಿತರೂ ಇತರರೂ ಒಟ್ಟಿಗೇ ಇದ್ದರು. 1933ರಲ್ಲಿ ತಮ್ಮ ಮಗಳು ಲಕ್ಷ್ಮಿಯನ್ನು ಗಾಂಧೀಜಿಯವರ ಮಗ ದೇವದಾಸರಿಗೆ ಕೊಟ್ಟು ಮದುವೆ ಮಾಡಿದರು. ವಧು ಬ್ರಾಹ್ಮಣರು, ವರ ವೈಶ್ಯರು. ಕಲ್ಯಾಣದಲ್ಲಿ ಹರಳಯ್ಯ, ಮಧುವರಸರ ಮಕ್ಕಳ ಮದುವೆಗೆ ತೆತ್ತ ಬೆಲೆಯನ್ನು ಬಲ್ಲ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1937ರ ಜುಲೈಯಲ್ಲಿ ಅವರು ಮದರಾಸು ಪ್ರಾಂತ್ಯದ ಪ್ರಧಾನಿಯಾದರು. ಅದೇ ಅಕ್ಟೋಬರ್ 1ರಂದು ಪಾನನಿಷೇಧ ಮೊದಲು ಜಾರಿಯಾದದ್ದು ನಮ್ಮ ಸೇಲಂ ಜಿಲ್ಲೆಯಲ್ಲಿ. ಸರ್ಕಾರಕ್ಕೆ ತಪ್ಪಿದ ಆದಾಯ ತುಂಬಲು 1939ರಲ್ಲಿ ಮಾರಾಟ ತೆರಿಗೆ ತಂದರು. ವ್ಯಾಪಾರಸ್ಥರಿಗೆ ಅದು ಹೊರೆಯೆನಿಸಿತು. ರೈತರಿಗೆ ಅವರು ಮಾಡಿದ ಉಪಕಾರ 1938ರ ಸಾಲ ಪರಿಹಾರ ಕಾಯಿದೆ. 1932ರ ಅಕ್ಟೋಬರಿಗೆ ಹಿಂದಿನ ಸಾಲಗಳ ಮೇಲೆ 1937ರ ಅಕ್ಟೋಬರಿನವರೆಗೆ ಬಾಕಿಯಿದ್ದ ಬಡ್ಡಿಯೆಲ್ಲ ರದ್ದಾಯಿತು. ಅಸಲಿನ ಎರಡರಷ್ಟನ್ನು ಈಗಾಗಲೇ ಕಟ್ಟಿದ್ದ ಒಕ್ಕಲಿನವನ ಸಾಲ ಪೂರ್ತಿ ತೀರಿತೆಂದು ಕಾನೂನೇ ಹೇಳಿತು. ಬಡ್ಡಿ ಕಟ್ಟುವುದರಲ್ಲೇ ಬದುಕು ಸವೆಸಿದ್ದ ಎಷ್ಟೋ ಮನೆಗಳಿಗೆ ಹೊಲ ಉಳಿಯಿತು.

ದೇವಾಲಯ ಪ್ರವೇಶದ ವಿಷಯದಲ್ಲಿ ಅವರ ಹೆಜ್ಜೆ ಮೊದಲು ನಿಧಾನವಾಗಿತ್ತು. 1938ರಲ್ಲಿ ದಲಿತ ನಾಯಕ ಎಂ. ಸಿ. ರಾಜಾ ಅವರು ತಂದ ಮಸೂದೆಯನ್ನು ರಾಜಾಜಿ ಬೆಂಬಲಿಸಲಿಲ್ಲ. ಮಲಬಾರಿಗೆ ಮಾತ್ರ ಅನ್ವಯಿಸುವ ಕಾನೂನನ್ನು ತಂದರು. ರಾಜಾ ಅವರಿಗೆ ಇದರಿಂದ ಬಹಳ ನೋವಾಯಿತು. ಮರುವರ್ಷ ಜುಲೈ 8ರಂದು ವೈದ್ಯನಾಥ ಅಯ್ಯರ್ ಅವರು ದಲಿತರನ್ನೂ ನಾಡಾರರನ್ನೂ ಕರೆದುಕೊಂಡು ಮಧುರೆಯ ಮೀನಾಕ್ಷಿ ಗುಡಿಯನ್ನು ಪ್ರವೇಶಿಸಿದರು. ಅಂದಿನ ಕಾನೂನಿನಂತೆ ಅವರ ಮೇಲೆ ಮೊಕದ್ದಮೆ ಬರಬಹುದಿತ್ತು. ರಾಜಾಜಿಯವರು ಈ ಸಲ ತಡಮಾಡದೆ ಮೊದಲು ಸುಗ್ರೀವಾಜ್ಞೆ, ಬಳಿಕ ಶಾಸನ ತಂದು ಅವರಿಗೆ ರಕ್ಷಣೆ ಕೊಟ್ಟರು. ಇತರ ಗುಡಿಗಳ ಬಾಗಿಲು ತೆರೆಯಲೂ ಅದರಿಂದ ದಾರಿಯಾಯಿತು.

1942ರಲ್ಲಿ ದೇಶವೆಲ್ಲ ಚಳವಳಿಯ ಕಾವಿನಲ್ಲಿದ್ದಾಗ ಅವರೊಬ್ಬರು ಬೇರೆ ಮಾತಾಡಿದರು. ಮುಸ್ಲಿಂ ಲೀಗಿನೊಡನೆ ಕುಳಿತು ಒಪ್ಪಂದ ಮಾಡಿಕೊಳ್ಳದೆ ಗತಿಯಿಲ್ಲವೆಂದರು, ಕಾಂಗ್ರೆಸ್ಸಿನಿಂದ ಹೊರಬಂದರು. ಸ್ವಂತ ಜನರಿಂದಲೇ ನಿಂದೆ ಕೇಳಿದರು. 1944ರಲ್ಲಿ ಸಂಧಾನದ ಸೂತ್ರವೊಂದನ್ನು ಮುಂದಿಟ್ಟರು, ಜಿನ್ನಾ ಒಪ್ಪಲಿಲ್ಲ. ದೇಶ ಒಡೆದ ಮೇಲೆ, 1947ರ ಆಗಸ್ಟಿನಲ್ಲಿ, ಗಲಭೆಯಿಂದ ಬೆಂದಿದ್ದ ಕಲ್ಕತ್ತೆಗೆ ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿ ಹೋದವರೂ ಅವರೇ. 1948ರಿಂದ 1950ರವರೆಗೆ ಗವರ್ನರ್ ಜನರಲ್ ಆಗಿದ್ದರು. 1954ರಲ್ಲಿ ಭಾರತರತ್ನ ಬಂದಿತು. 1962ರಲ್ಲಿ, 83ರ ವಯಸ್ಸಿನಲ್ಲಿ, ಅಮೆರಿಕಕ್ಕೆ ಹೋಗಿ ಅಣುಬಾಂಬಿನ ಪರೀಕ್ಷೆ ನಿಲ್ಲಿಸಬೇಕೆಂದು ಅಧ್ಯಕ್ಷ ಕೆನಡಿಯವರಿಗೆ ಮನವಿ ಮಾಡಿಕೊಂಡರು.

ದೊಡ್ಡವರ ಬಾಳಿನಲ್ಲೂ ಎಡವಿದ ಹೆಜ್ಜೆಗಳಿರುತ್ತವೆ. ಅವನ್ನು ಮುಚ್ಚಿಡುವುದು ಗೌರವವಲ್ಲ. 1938ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿ ವಿರೋಧಿಸಿದವರನ್ನು ಸೆರೆಗೆ ಕಳುಹಿಸಿದರು. ಮುಂದೆ ತಾವೇ ಹಿಂದಿ ಹೇರಿಕೆಯನ್ನು ಎದುರಿಸಿದರು. ಮತ್ತೆ ಮುಖ್ಯಮಂತ್ರಿಯಾಗಿದ್ದಾಗ, 1953ರಲ್ಲಿ, ಹಳ್ಳಿಯ ಮಕ್ಕಳು ಅರ್ಧ ದಿನ ಶಾಲೆ, ಉಳಿದ ವೇಳೆ ಮನೆಯ ಕಸುಬು ಕಲಿಯಬೇಕೆಂಬ ಯೋಜನೆ ತಂದರು. ಕಸುಬಿನ ಮೇಲಿನ ಪ್ರೀತಿ ಅದರಲ್ಲಿತ್ತೆನ್ನೋಣ. ಆದರೆ ಕಾಯಕ ಹುಟ್ಟಿನಿಂದ ಅಂಟುವುದಲ್ಲ ಎಂದು ಶರಣರಿಂದ ಕಲಿತ ನಾವು ಅದನ್ನು ಒಪ್ಪಲಾರೆವು. ಅಂದಿನ ಜನರೂ ಒಪ್ಪಲಿಲ್ಲ. 1954ರಲ್ಲಿ ಅವರು ಪದವಿ ಬಿಟ್ಟರು, ಯೋಜನೆಯೂ ಹೋಯಿತು.

ಈ ಎರಡು ಸಂದರ್ಭಗಳಲ್ಲೂ ಅವರನ್ನು ಬಲವಾಗಿ ವಿರೋಧಿಸಿದವರು ಈರೋಡಿನ ಪೆರಿಯಾರ್ ರಾಮಸ್ವಾಮಿಯವರು. ಅವರ ಮನೆಮಾತು ಕನ್ನಡ. ಅವರನ್ನು ಕಾಂಗ್ರೆಸ್ಸಿಗೆ ಕರೆತಂದವರು ರಾಜಾಜಿ. 1938ರಲ್ಲಿ ಅವರನ್ನು ಸೆರೆಗೆ ಹಾಕಿದ್ದೂ ರಾಜಾಜಿಯವರ ಸರ್ಕಾರ. ಒಬ್ಬರು ಪರಮ ಆಸ್ತಿಕರು, ಇನ್ನೊಬ್ಬರು ದೇವರಿಲ್ಲವೆಂದವರು. ಆದರೂ ಸ್ನೇಹ ಕಡಿಯಲಿಲ್ಲ. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡಾಗ, ಗಾಲಿ ಕುರ್ಚಿಯಲ್ಲಿ ಬಂದ ವಯೋವೃದ್ಧ ಪೆರಿಯಾರ್ ಗೆಳೆಯನ ಅಂತ್ಯಸಂಸ್ಕಾರದಲ್ಲಿ ಕಣ್ಣೀರಿಟ್ಟರು.

ಬದುವಿನ ತಕರಾರಿಗೆ, ಪಾಲಿನ ಜಗಳಕ್ಕೆ ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳು ನಮ್ಮ ಊರುಗಳಲ್ಲಿವೆ. ಕನ್ನಡ, ತೆಲುಗು, ತಮಿಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿಯಲ್ಲಿ ಬಾಳಬೇಕಾದ ನಮಗೆ ರಾಜಾಜಿಯವರ ಬಾಳಿನ ಪಾಠ ಇದು: ನ್ಯಾಯವೆಂದು ಕಂಡದ್ದನ್ನು ಬಿಡಬಾರದು, ಎದುರು ನಿಂತವರೊಡನೆ ಮಾತನ್ನೂ ಬಿಡಬಾರದು. ತೊರಪಳ್ಳಿಯಲ್ಲಿ ಅವರು ಹುಟ್ಟಿದ ಮನೆ ಸ್ಮಾರಕವಾಗಿ ಉಳಿದಿದೆ. ಹೊಸೂರಿಗೆ ಹೋಗುವ ಭಕ್ತರು ಮಕ್ಕಳನ್ನು ಕರೆದೊಯ್ದು ಅದನ್ನು ತೋರಿಸಿ ಬರಬೇಕೆಂದು ಕೋರುತ್ತೇವೆ.