ಶರಣ ಹೆಂಡದ ಮಾರಯ್ಯನವರು

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಪಟ್ಟಣದೊಳಗೆ ನೆರೆದಿದ್ದ ಶಿವಶರಣರ ಸಮೂಹದಲ್ಲಿ ಕುಲದಿಂದಾಗಲಿ ಕಸುಬಿನಿಂದಾಗಲಿ ಯಾರೂ ಕಿರಿಯರೆಂದೆಣಿಸಲ್ಪಡಲಿಲ್ಲ. ಬಟ್ಟೆಯನ್ನೊಗೆಯುವ ಮಡಿವಾಳ ಮಾಚಿದೇವರಿಗೂ, ದೋಣಿಯನ್ನು ನಡೆಸುವ ಅಂಬಿಗರ ಚೌಡಯ್ಯನವರಿಗೂ, ಹುಲ್ಲಿನ ಹಗ್ಗವನ್ನು ಹೊಸೆಯುವ ನುಲಿಯ ಚಂದಯ್ಯನವರಿಗೂ ಅಲ್ಲಿ ಸಮಾನವಾದ ಸ್ಥಾನವಿದ್ದಿತು. ಪೂರ್ವದಲ್ಲಿ ಕನ್ನವಿಕ್ಕುತ್ತಿದ್ದ ಕನ್ನದ ಮಾರಿತಂದೆಗಳಿಗೂ ಆ ಬಾಗಿಲು ಮುಚ್ಚಿರಲಿಲ್ಲ. ಲೋಕವು ದೂರದಿಂದಲೇ ಮುಖ ತಿರುಗಿಸುವ ಇನ್ನೊಂದು ಕಸುಬಿನಿಂದ ಬಂದು ಶರಣಪದವಿಯನ್ನು ಪಡೆದ ಮಹನೀಯರೇ ಹೆಂಡದ ಮಾರಯ್ಯನವರು.

ಇವರ ಕಸುಬು ಹೆಂಡವನ್ನು ಮಾರುವುದಾಗಿದ್ದಿತು. ಆ ಕಸುಬಿನ ಸ್ವರೂಪವನ್ನು ಕಾರವಾರ ಅಂಕೋಲೆಗಳ ಭಕ್ತರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಬಯಲುಸೀಮೆಯಲ್ಲಿ ಈಚಲುಮರದಿಂದಲೂ ಕರಾವಳಿಯಲ್ಲಿ ತೆಂಗಿನ ಹೊಂಬಾಳೆಯಿಂದಲೂ ಇಳಿಯುವ ರಸವು ಮೊದಲಿಗೆ ಸಿಹಿಯಾಗಿಯೇ ಇರುವುದು. ಬಿಸಿಲೇರಿದಂತೆ ಅದು ತಾನೇ ಹುದುಗೆದ್ದು ಕೆಲವು ತಾಸುಗಳೊಳಗೆ ಮತ್ತೇರಿಸುವ ಕಳ್ಳಾಗುವುದು. ಇನ್ನೂ ಇಟ್ಟರೆ ಹುಳಿತು ಬಾಯಿಗಿಡಲಾರದಂತಾಗುವುದು. ಮನುಷ್ಯನ ಚಟದ ಗತಿಯೂ ಇದೇ. ಮೊದಲು ದಣಿವಾರಿಸಿಕೊಳ್ಳುವ ನೆಪ, ಬಳಿಕ ದಿನದ ಅಭ್ಯಾಸ, ಕಡೆಗೆ ಮನೆಯನ್ನೂ ಮೈಯನ್ನೂ ಕೆಡಿಸುವ ಬಂಧನ.

ಬಸವಾದಿ ಪ್ರಮಥರ ಸಂಗದಿಂದ ಮಾರಯ್ಯನವರ ಅಂತರಂಗವು ತಿರುಗಿತು. ಹಾಗೆ ತಿರುಗಿದವರು ತಮ್ಮೊಬ್ಬರ ಉದ್ಧಾರವನ್ನು ನೋಡಿಕೊಂಡು ಸುಮ್ಮನಾಗಲಿಲ್ಲವೆಂಬುದೇ ಅವರ ಜೀವಿತದ ಸಾರ. ಕುಡಿಯಲು ಬಂದವರಿಗೆ ಕುಡಿತದ ಕೇಡನ್ನು ತಿಳಿಯಹೇಳಿ, ಅವರನ್ನು ಆ ದಾರಿಯಿಂದ ಬಿಡಿಸಿ ಶರಣಮಾರ್ಗಕ್ಕೆ ಕರೆತರುತ್ತಿದ್ದರೆಂದು ಪರಂಪರೆಯು ಸಾರುವುದು. ಕುಡುಕನ ಸ್ಥಿತಿಯು ಹೆಂಡ ಮಾರುವವನಿಗೆ ತಿಳಿದಷ್ಟು ಬೇರೊಬ್ಬರಿಗೆ ತಿಳಿಯಲಾರದು. ಯಾವನು ನಡುಗುವ ಕೈಯಿಂದ ಕುಡಿಕೆಯನ್ನೆತ್ತುವನು, ಯಾವನು ಮಕ್ಕಳ ಅಂಬಲಿಯ ಹಣವನ್ನು ತಂದಿರುವನು, ಯಾವನು ಬಿಡಬೇಕೆಂದಿದ್ದರೂ ಬಿಡಲಾರದೆ ಮರಳಿ ಬಂದಿರುವನು, ಇವೆಲ್ಲವೂ ಅವನ ಕಣ್ಣಿಗೆ ಬೀಳುವ ಸಂಗತಿಗಳು. ಇಂತಹ ಅರಿವುಳ್ಳವನು ಲಾಭವನ್ನು ತೊರೆದು ಬುದ್ಧಿಯ ಮಾತನ್ನಾಡಿದಾಗ ಅದರಲ್ಲಿ ಜರೆಯುವ ಧ್ವನಿಯಿರುವುದಿಲ್ಲ, ಮರುಕವಿರುತ್ತದೆ. ಆದುದರಿಂದಲೇ ಅದು ನಾಟುವುದು.

ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ಇವರ 12 ವಚನಗಳು ದೊರೆತಿವೆ. ತಮ್ಮ ಕಸುಬಿನ ಮಾತುಗಳನ್ನೇ ತೆಗೆದುಕೊಂಡು ಅವಕ್ಕೆ ಅಧ್ಯಾತ್ಮದ ಅರ್ಥವನ್ನು ತುಂಬಿದುದು ಇವರ ವಚನಗಳ ವೈಶಿಷ್ಟ್ಯ. ಹೆಂಡವನ್ನು ಮಾರುತ್ತಿದ್ದ ನಾಲಿಗೆಯೇ ಭಕ್ತಿಯೆಂಬ ಸುಧೆಯನ್ನು ಹಂಚತೊಡಗಿತು. ಹಿಂದಿನ ಬಾಳನ್ನು ಅವರು ಮುಚ್ಚಿಡಲಿಲ್ಲ. ಹೆಂಡದ ಎಂಬ ವಿಶೇಷಣವು ಎಂಟುನೂರು ವರ್ಷಗಳಿಂದಲೂ ಅವರ ಹೆಸರಿನೊಡನೆ ನಿಂತಿದೆ. ಅದು ಕಳಂಕವಾಗಿ ಅಲ್ಲ, ಬಿದ್ದವನೂ ಏಳಬಲ್ಲನೆಂಬುದರ ಗುರುತಾಗಿ.

ಈ ಶರಣರು ತೋರಿದ ದಾರಿಯ ಅಗತ್ಯವು ಕರಾವಳಿಗೆ ಎಂದೂ ತಪ್ಪಿದುದಿಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದುದು ಲೋಕವಿದಿತ. ಆ ಚಳವಳಿಯ ಕಾಲದಲ್ಲಿ ಹೆಂಡ ಸಾರಾಯಿಗಳ ಅಂಗಡಿಗಳನ್ನು ತಡೆಯುವುದೂ ದೇಶಸೇವೆಯ ಅಂಗವಾಗಿದ್ದಿತು. ಮುಂದೆ ಅಂಕೋಲೆಯ ಬಳಿಯ ಬಡಗೇರಿಯ ಹಾಲಕ್ಕಿ ತಾಯಿ ಸುಕ್ರಿ ಬೊಮ್ಮಗೌಡರು ತಮ್ಮ ಜನರ ಹಾಡುಗಳನ್ನು ಕಾಪಾಡಿದಂತೆಯೇ, ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿಯ ವಿರುದ್ಧ ಹೋರಾಡಿದರು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಆ ತಾಯಿ 2025ರಲ್ಲಿ ಲಿಂಗೈಕ್ಯರಾದರೆಂದೇ ಶರಣಭಕ್ತರು ಭಾವಿಸತಕ್ಕದ್ದು. 2007ರಲ್ಲಿ ಕರ್ನಾಟಕ ಸರಕಾರವು ಸಾರಾಯಿಯ ಮಾರಾಟವನ್ನು ನಿಷೇಧಿಸಿತು. ಆದರೆ ಕಾನೂನು ಅಂಗಡಿಯನ್ನು ಮುಚ್ಚಬಲ್ಲುದೇ ಹೊರತು ಆಸೆಯನ್ನು ಮುಚ್ಚಲಾರದು. ಒಂದು ಪಾನವು ನಿಂತಲ್ಲಿ ಮತ್ತೊಂದು ಬರುವುದು. ಗೋವೆಯ ಗಡಿಗೆ ಹೊಂದಿಕೊಂಡಿರುವ ಕಾರವಾರದವರಿಗೆ ಇದು ಹೊಸ ಮಾತಲ್ಲ.

ಮಾರಯ್ಯನವರ ಕಾಯಕವನ್ನು ಮಠಗಳೂ ಕೈಗೊಂಡುದುಂಟು. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಮಹಾಂತ ಶಿವಯೋಗಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹೆಗಲಿಗೇರಿಸಿ, ಕಾಳುಕಡ್ಡಿಯ ಬದಲು ಭಕ್ತರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡುತ್ತ ಊರೂರು ತಿರುಗಿದರು. ಅವರು ಹುಟ್ಟಿದ ಆಗಸ್ಟ್ 1ನೆಯ ದಿನವನ್ನು ಸರಕಾರವು ವ್ಯಸನಮುಕ್ತ ದಿನವೆಂದು ಸಾರಿತು.

ಇಲ್ಲಿ ಭಕ್ತರು ಮನಗಾಣಬೇಕಾದ ಸಂಗತಿಯೊಂದುಂಟು. ಬಹುಕಾಲ ಮಿತಿಮೀರಿ ಕುಡಿದವನು ಒಮ್ಮೆಲೇ ಬಿಟ್ಟರೆ ಮೈ ನಡುಗುವುದು, ಬೆವರು ಕಿತ್ತುಬರುವುದು, ನಿದ್ದೆ ಹಾರುವುದು. ಕೆಲವರಿಗೆ ಅಪಸ್ಮಾರದಂತಹ ಸೆಳೆತವೂ ಎರಡು ಮೂರು ದಿನಗಳಲ್ಲಿ ಬುದ್ಧಿಭ್ರಮಣೆಯೂ ಉಂಟಾಗಿ ಪ್ರಾಣಕ್ಕೇ ಅಪಾಯ ಬರುವುದು. ಆದುದರಿಂದ ಪ್ರತಿಜ್ಞೆಯ ಜತೆಗೆ ವೈದ್ಯರ ಆರೈಕೆಯೂ ಬೇಕು. ಔಷಧವನ್ನು ಸ್ವೀಕರಿಸುವುದು ಭಕ್ತಿಯ ಕೊರತೆಯಲ್ಲ. ಬಿಟ್ಟವನು ಮತ್ತೊಮ್ಮೆ ಎಡವಿದರೆ ಅವನನ್ನು ಹಂಗಿಸಿ ಹೊರಗಟ್ಟುವುದು ಶರಣಧರ್ಮವಲ್ಲ. ಪುನಃ ಕೈಹಿಡಿದೆತ್ತುವುದೇ ಧರ್ಮ. ಹಳೆಯ ಗೆಳೆಯರ ಕೂಟವನ್ನು ತೊರೆದು ಬಂದವನಿಗೆ ಹೊಸ ಕೂಟವೊಂದು ಬೇಕು. ಸಂಜೆಯ ಹೊತ್ತು ಕುಳಿತುಕೊಳ್ಳಲು ತಾಣವಿಲ್ಲದವನು ಹಳೆಯ ತಾಣಕ್ಕೇ ಮರಳುವನು. ಮಠದ ಜಗಲಿ, ಭಜನೆ, ದಾಸೋಹದ ಕೆಲಸ ಇವು ಅಂಥವನಿಗೆ ಆಸರೆಯಾಗಬೇಕು.

ಕಲ್ಯಾಣದ ಶರಣರು ಮಾರಯ್ಯನವರ ಕಸುಬನ್ನು ಕಂಡು ಬಾಗಿಲಿಕ್ಕಿಕೊಂಡಿದ್ದರೆ ಹೆಂಡದ ಗಡಿಗೆಯೊಂದು ಉಳಿಯುತ್ತಿದ್ದಿತು, ಶರಣನೊಬ್ಬನು ಉಳಿಯುತ್ತಿರಲಿಲ್ಲ. ಬಾಗಿಲು ತೆರೆದುದರಿಂದ ಅವರೂ ಉಳಿದರು, ಅವರ ಮಾತಿನಿಂದ ಇತರರೂ ಉಳಿದರು. ನಾಚಿಕೆಯಿಂದ ಮಠದ ಹೊಸ್ತಿಲಾಚೆ ನಿಂತಿರುವ ಯಾವನನ್ನಾದರೂ ಕಂಡಾಗ ಸದ್ಭಕ್ತರು ಈ ಶರಣರನ್ನು ನೆನೆದು ಅವನನ್ನು ಒಳಕ್ಕೆ ಕರೆಯುವಂತಾಗಲಿ. ಶರಣು ಶರಣಾರ್ಥಿ.